ದೇವರ ಚಿತ್ತ, ನಮ್ಮ ತೀರ್ಮಾನ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಎಷ್ಟೋ ಪ್ರಾಟೆಸ್ಟಂಟ್ ಸಭೆಗಳಲ್ಲಿ ಒಂದು ತಟ್ಟೆ ಬರುತ್ತದೆ. ಅದರ ತುಂಬ ಬೋರಲು ಹಾಕಿದ ವಾಗ್ದಾನದ ಕಾರ್ಡುಗಳು. ಕೈಗೆ ಸಿಕ್ಕಿದ್ದೇ ಆ ವರ್ಷದ ವಚನ. ಮುಂದೆ ಮಗಳ ಸಂಬಂಧ, ಸೈಟಿನ ಸಾಲ, ಪರವೂರಿನ ಕೆಲಸ ಎದುರಾದಾಗ ಕೆಲವರು ಆ ಕಾರ್ಡಿನಲ್ಲೇ ಉತ್ತರ ಹುಡುಕುತ್ತಾರೆ. ಹಾಗೆ ಹುಡುಕಬಹುದೇ?

ಹುಡುಕಬಹುದು ಅನ್ನುವವರನ್ನು ಮೂಢರೆಂದು ತಳ್ಳಿಹಾಕಲಾಗದು. ಗಿದ್ಯೋನ ಕಣದಲ್ಲಿ ಉಣ್ಣೆ ಹರಡಿ ಇಬ್ಬನಿಯ ಗುರುತು ಕೇಳಿದ್ದ. ಯೂದನ ಜಾಗಕ್ಕೆ ಮತ್ತೀಯ ಬಂದದ್ದು ಚೀಟು ಹಾಕಿಯೇ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಕ್ರೈಸ್ತರು 18ನೇ ಶತಮಾನದಲ್ಲಿ ಮದುವೆಗೂ ಚೀಟು ಹಾಕುತ್ತಿದ್ದರು. 1731ರಿಂದ ಅವರು ಅಚ್ಚು ಹಾಕಿಸುತ್ತಿರುವ ದಿನಕ್ಕೊಂದು ವಚನದ ಪುಸ್ತಕ ಇಂದಿಗೂ ಬರುತ್ತಿದೆ. ನನ್ನ ಬದುಕಿಗೆ ನಾನೊಬ್ಬನೇ ಯಜಮಾನನಲ್ಲ ಎಂಬ ಈ ನಂಬಿಕೆಗೆ ಲಾಭವನ್ನು ಬಿಟ್ಟುಕೊಡಿಸುವ ಶಕ್ತಿಯಿದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಮೊದಲ ಸುತ್ತು ಆರಾಧನೆಯ ದಿನವಾದ ಭಾನುವಾರ ಬಿತ್ತೆಂದು ಓಟಗಾರ ಎರಿಕ್ ಲಿಡೆಲ್ ಅದರಿಂದ ಹಿಂದೆ ಸರಿದರು. ನಾನೂರು ಮೀಟರ್ ಓಡಿ ಚಿನ್ನ ಗೆದ್ದರು, ನಿಜ. ಸೋತಿದ್ದರೂ ಆ ತೀರ್ಮಾನದ ತೂಕ ಕಡಿಮೆಯಾಗುತ್ತಿರಲಿಲ್ಲ.

ಇನ್ನೊಂದು ಪಕ್ಷದವರೂ ಅದೇ ಬೈಬಲನ್ನೇ ತೆರೆಯುತ್ತಾರೆ. ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನದ ನಂತರ ಅಪೊಸ್ತಲರು ಚೀಟು ಹಾಕಿದ್ದು ಎಲ್ಲೂ ಕಾಣಿಸುವುದಿಲ್ಲ. ಅನ್ಯಜನರಿಗೆ ಸುನ್ನತಿ ಬೇಕೇ ಎಂಬ ಕಠಿಣ ಪ್ರಶ್ನೆಯನ್ನು ಯೆರೂಸಲೇಮಿನಲ್ಲಿ ಕೂತು ವಾದಿಸಿ, ಸಾಕ್ಷಿ ಕೇಳಿ, ಪತ್ರ ಬರೆದು ಬಗೆಹರಿಸಿದರು. ಗೋಪುರ ಕಟ್ಟುವವನು ಮೊದಲು ಖರ್ಚಿನ ಲೆಕ್ಕ ಹಾಕುವ ಮಾತನ್ನು ಯೇಸುವೇ ಆಡಿದ್ದಾನೆ. ದೇವರ ಆಜ್ಞೆಯ ಎಲ್ಲೆಯೊಳಗೆ ಆಯ್ಕೆಯ ಸ್ವಾತಂತ್ರ್ಯವಿದೆ, ಅಲ್ಲಿ ವಿವೇಕ ಬಳಸಬೇಕು ಎಂದು ಲೇಖಕ ಗ್ಯಾರಿ ಫ್ರೀಸನ್ 1980ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮೊರಾವಿಯನ್ನರೂ ಸಾಮಾನ್ಯ ಸದಸ್ಯರ ಮದುವೆಗೆ ಚೀಟಿನ ಕಡ್ಡಾಯವನ್ನು 1818ರಲ್ಲಿ ಕೈಬಿಟ್ಟರು.

ನನ್ನನ್ನು ಹೆಚ್ಚು ಕಾಡುವುದು ಮನೆಯೊಳಗಿನ ಒಂದು ಮಾತು. ಹೆಣ್ಣು ನೋಡಲು ಬಂದ ಹಿರಿಯರು, "ಉಪವಾಸ ಮಾಡಿ ಪ್ರಾರ್ಥನೆ ಮಾಡಿದ್ವಿ, ಇದೇ ದೇವರ ಚಿತ್ತ ಅಂತ ಗೊತ್ತಾಯ್ತು" ಅನ್ನುತ್ತಾರೆ. ಕಾಫಿ ಲೋಟ ಹಿಡಿದು ನಿಂತ ಹುಡುಗಿಗೆ ಇನ್ನು ಬಾಯಿಯೇ ಇಲ್ಲ. ಹುಡುಗ ಇಷ್ಟವಿಲ್ಲ ಅಂದರೆ ದೇವರನ್ನೇ ಬೇಡ ಅಂದಂತೆ. ಹೇಳಿದವರು ಪ್ರಾಮಾಣಿಕರೇ ಇರಬಹುದು. ಆದರೂ ಆ ಮಾತು ಚರ್ಚೆಯ ಬಾಗಿಲು ಹಾಕುತ್ತದೆ. ಬರೀ ಲೆಕ್ಕಾಚಾರದವರೂ ಕಮ್ಮಿಯಿಲ್ಲ: ಸಂಬಳ, ಸೈಟು ನೋಡಿ ಮೊದಲೇ ನಿಶ್ಚಯಿಸಿ, ಆಮೇಲೆ ಆಶೀರ್ವಾದಕ್ಕೆಂದು ಪಾಸ್ಟರನ್ನು ಕರೆಯುತ್ತಾರೆ.

1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಎರಡನ್ನೂ ಬಿಡದ ದಾರಿ ತೋರಿಸಿದ್ದರು. ಪ್ರಾರ್ಥಿಸು, ಸಾಧಕ ಬಾಧಕ ತೂಗು. ಮುಖಪರಿಚಯವೇ ಇಲ್ಲದ ಒಬ್ಬನಿಗೆ ಇದೇ ಸಂದರ್ಭ ಬಂದರೆ ಏನು ಸಲಹೆ ಕೊಡುತ್ತೀಯೋ ನೋಡು. ಮನಸ್ಸು ಕುಗ್ಗಿರುವಾಗ ಹಿಂದಿನ ನಿರ್ಧಾರ ಬದಲಿಸಬೇಡ. ನನಗೆ ಒಪ್ಪಿಗೆಯಾಗುವುದು ಈ ದಾರಿ. ಪ್ರಾರ್ಥನೆ ಸ್ವಾರ್ಥವನ್ನು ತಗ್ಗಿಸಲಿ, ತೀರ್ಮಾನದ ಹೊಣೆ ನಮ್ಮ ಮೇಲೇ ಇರಲಿ.

ತಂದೆತಾಯಿಯರಲ್ಲಿ ಒಂದು ಬಿನ್ನಹ: ಮಗಳ ಮದುವೆಗಾಗಿ ಪ್ರಾರ್ಥಿಸುವಾಗ ಅವಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವಳು ಬೇಡ ಅಂದರೆ ಅದನ್ನು ಅವಿಶ್ವಾಸವೆಂದು ಕರೆಯಬೇಡಿ.