ಚೋಮನನ್ನು ಮೊದಲು ಓದಬೇಕೇ, ನೋಡಬೇಕೇ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಬೆಂಗಳೂರಿನಂಥ ಊರಲ್ಲಿ ಈಗ ತೀರಾ ಅಪರೂಪವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೋಮ್‌ಸ್ಕೂಲಿಂಗ್‌ನ ಹೆಸರೆತ್ತುವುದಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ತರಗತಿಗೆ ಸಮನಾದ ಪರೀಕ್ಷೆ ಬರೆಯಬಹುದು. ಗಣಿತ, ವಿಜ್ಞಾನಕ್ಕೆ ಹೇಗೋ ದಾರಿ ಮಾಡಿಕೊಳ್ಳುವ ತಂದೆತಾಯಂದಿರು ತಡವರಿಸುವುದು ಸಾಹಿತ್ಯದ ಹತ್ತಿರ ಬಂದಾಗ. ಕಥೆ ಓದಿಸುವುದು ಕಷ್ಟವಲ್ಲ. ಆ ಕಥೆ ಯಾರ ಕಣ್ಣಿನಿಂದ ಕಾಣುತ್ತಿದೆ, ಯಾಕೆ ಇದೇ ಕ್ರಮದಲ್ಲಿ ಬರುತ್ತಿದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ಬಿಡಿಸಿ ನೋಡಲು ಕಲಿಸುವುದು ಕಷ್ಟ. ಅಲ್ಲಿ ಸಿನಿಮಾ ನೆರವಿಗೆ ಬರುತ್ತದೆ. ಅದು ಪಾಠವೋ, ಪಾಠ ತಪ್ಪಿಸುವ ಉಪಾಯವೋ ಎಂಬ ವಾದವೂ ಅಲ್ಲಿಂದಲೇ ಶುರುವಾಗುತ್ತದೆ.

ಕನ್ನಡದಲ್ಲಂತೂ ಸಾಮಗ್ರಿಗೆ ಬರವಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದರು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ 1975ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಚಿತ್ರವಾಯಿತು. ತ್ರಿವೇಣಿಯವರ ‘ಶರಪಂಜರ’, ತೇಜಸ್ವಿಯವರ ‘ತಬರನ ಕಥೆ’, ನಾ. ಡಿಸೋಜರ ‘ದ್ವೀಪ’ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಸಿನಿಮಾದ ಪರ ಇರುವವರ ಮೊದಲ ಮಾತನ್ನು ತಳ್ಳಿಹಾಕುವಂತಿಲ್ಲ. ನಗರದ ಎಷ್ಟೋ ಹದಿಹರೆಯದವರಿಗೆ ಮನೆಯಲ್ಲಿ ಕನ್ನಡ ನೀರು ಕುಡಿದಷ್ಟು ಸಲೀಸು, ಅಚ್ಚಿನ ಕನ್ನಡ ಮಾತ್ರ ಕಬ್ಬಿಣದ ಕಡಲೆ. ವಿದೇಶದಲ್ಲಿ ಬೆಳೆದ ಕನ್ನಡದ ಮಕ್ಕಳ ಕಥೆಯೂ ಇದೇ. ಅಕ್ಷರ ಕೂಡಿಸುವುದರಲ್ಲೇ ಸುಸ್ತಾದವರಿಗೆ ನಿರೂಪಣೆಯ ಸೂಕ್ಷ್ಮ ಕಾಣುವುದೆಲ್ಲಿಂದ? ತೆರೆಯ ಮೇಲೆ ಆ ತಡೆ ಇಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೇ (1977) ತೆಗೆದುಕೊಳ್ಳಿ. ಬಸುರಿಯಾದ ವಿಧವೆ ಯಮುನಕ್ಕನ ದುರಂತ ನಮಗೆ ತಲುಪುವುದು ನಾಣಿ ಎಂಬ ಪುಟ್ಟ ಹುಡುಗನ ಮೂಲಕ. ಅವನಿಗೆ ಅರ್ಥವಾಗದ್ದು ನೋಡುವವರಿಗೆ ಅರ್ಥವಾಗುತ್ತಿರುತ್ತದೆ. ‘ಈ ಕಥೆಯನ್ನು ಯಮುನಕ್ಕನೇ ಹೇಳಿದ್ದರೆ?’ ಎಂದು ಕೇಳಿದರೆ ಸಾಕು, ದೃಷ್ಟಿಕೋನ ಎಂಬ ಪಾಠ ವ್ಯಾಖ್ಯೆಯ ಹಂಗಿಲ್ಲದೆ ಮುಗಿಯುತ್ತದೆ.

ಎರಡನೆಯದು, ಮನೆಯ ಅನುಕೂಲ. ಶಾಲೆಯ ಮುಕ್ಕಾಲು ಗಂಟೆಯ ಪೀರಿಯಡ್‌ನಲ್ಲಿ ಎರಡು ಗಂಟೆಯ ಚಿತ್ರ ಹಿಡಿಸುವುದಿಲ್ಲ. ಮನೆಯಲ್ಲಿ ಒಂದೇ ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಒಂದು ಬೆಳಗ್ಗೆ ಪೂರ್ತಿ ಅದರ ಮೇಲೇ ಮಾತಾಡಬಹುದು.

ಮೂರನೆಯದು ಇನ್ನೂ ಗಟ್ಟಿಯಾದ ಮಾತು: ಒಳ್ಳೆಯ ರೂಪಾಂತರ ಎಂದರೆ ಅದೇ ಒಂದು ವಿಮರ್ಶೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. 2008ರ ‘ಗುಲಾಬಿ ಟಾಕೀಸ್’ನಲ್ಲಿ ಕಾಸರವಳ್ಳಿ ಅದನ್ನು ಕಾರ್ಗಿಲ್ ಯುದ್ಧದ ದಿನಗಳ ಕರಾವಳಿಗೆ ತಂದು, ಮುಸ್ಲಿಂ ಸೂಲಗಿತ್ತಿಯೊಬ್ಬಳ ಮನೆಯೊಳಗೆ ಟಿವಿ ಇಡುತ್ತಾರೆ. ಇಷ್ಟೆಲ್ಲ ಯಾಕೆ ಬದಲಾಯಿಸಿದರು, ಬದಲಾಯಿಸಿದ್ದರಿಂದ ಕಥೆಯ ಆಶಯ ಹಿಗ್ಗಿತೋ ಕುಗ್ಗಿತೋ ಎಂದು ಹದಿನೈದರ ಹುಡುಗಿ ವಾದಿಸತೊಡಗಿದರೆ ಅವಳು ಆಗಲೇ ವಿಮರ್ಶೆಗೆ ಇಳಿದಾಯಿತು.

ಇನ್ನು ಎದುರು ಪಕ್ಷದವರ ತಕರಾರು. ‘ಚೋಮನ ದುಡಿ’ಯ ಕೊನೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತಾನೆ. ಕಾದಂಬರಿಯಲ್ಲಿ ಆ ಸದ್ದು ಇಲ್ಲ, ಅದನ್ನು ಓದುಗನೇ ಹುಟ್ಟಿಸಿಕೊಳ್ಳಬೇಕು. ಅದು ಸಿಟ್ಟೋ, ಗೋಳೋ, ಹುಚ್ಚೋ, ಮೂರೂ ಹೌದೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ಚಿತ್ರದಲ್ಲಿ ದುಡಿಗೆ ಒಂದು ನಾದ, ಚೋಮನಿಗೆ ಎಂ.ವಿ. ವಾಸುದೇವರಾಯರ ಮುಖ ಬಂದುಬಿಡುತ್ತದೆ. ರಾಷ್ಟ್ರಪ್ರಶಸ್ತಿ ಪಡೆದ ಆ ಅಭಿನಯ ಎಷ್ಟು ಸಮರ್ಥವೆಂದರೆ, ಒಮ್ಮೆ ನೋಡಿದವರಿಗೆ ಬೇರೆ ಚೋಮನನ್ನು ಕಲ್ಪಿಸಿಕೊಳ್ಳಲಾಗುವುದಿಲ್ಲ. ಮತಾಂತರಗೊಂಡರೆ ಬೇಸಾಯಕ್ಕೆ ನೆಲ ಸಿಕ್ಕೀತೆಂಬ ಆಸೆಗೂ ಪಂಜುರ್ಲಿ ದೈವದ ಭಯಕ್ಕೂ ನಡುವೆ ಚೋಮ ತೂಗಾಡುವುದನ್ನು ಗದ್ಯ ಅವನ ಮನಸ್ಸಿನೊಳಗೇ ನಿಂತು ಹೇಳಬಲ್ಲದು. ಸಿನಿಮಾಕ್ಕೆ ಅದನ್ನು ಹೊರಗೆ ಎಲ್ಲಾದರೂ ತೋರಿಸದೆ ವಿಧಿಯಿಲ್ಲ.

ಜೊತೆಗೆ, ಸಾಹಿತ್ಯ ಎಂದರೆ ಕಥಾವಸ್ತುವಷ್ಟೇ ಅಲ್ಲ, ಭಾಷೆ. ಕಾರಂತರ ವಾಕ್ಯದಲ್ಲಿ ಅಡಗಿದ ವ್ಯಂಗ್ಯ, ತೇಜಸ್ವಿಯವರ ತಣ್ಣನೆಯ ನಗೆ ಯಾವ ಕ್ಯಾಮರಾಕ್ಕೂ ಪೂರ್ತಿ ಸಿಕ್ಕುವಂಥದ್ದಲ್ಲ. ಬೆಳಕು, ಶಾಟ್, ಹಿನ್ನೆಲೆ ಸಂಗೀತಗಳ ಬಗ್ಗೆ ಚೆನ್ನಾಗಿ ಮಾತಾಡಬಲ್ಲ ಹುಡುಗನಿಗೆ ಒಂದು ಪ್ಯಾರಾ ಕೊಟ್ಟು ‘ಇಲ್ಲಿ ಲೇಖಕರ ದನಿ ಎಂಥದ್ದು?’ ಎಂದರೆ ಬಾಯಿ ಕಟ್ಟಬಹುದು. ಪರೀಕ್ಷೆಯಲ್ಲಿ ಅವನ ಮುಂದೆ ಬರುವುದೂ ಅಚ್ಚಾದ ಗದ್ಯಪದ್ಯವೇ. ಓದು ತಡವರಿಸುತ್ತದೆಂದು ಓದನ್ನೇ ಕೈಬಿಟ್ಟರೆ ತಡವರಿಕೆ ಹೋಗುವುದಾದರೂ ಹೇಗೆ?

ಮನೆಪಾಠಕ್ಕೇ ಅಂಟಿದ ತೊಡಕು ಇನ್ನೊಂದಿದೆ. ತರಗತಿಯಲ್ಲಿ ಮೂವತ್ತು ಮಂದಿ ಒಂದೇ ಕಥೆಯನ್ನು ಓದಿ ಬಂದರೆ ನಾಲ್ಕಾರು ಭಿನ್ನಮತಗಳಾದರೂ ಏಳುತ್ತವೆ. ಮನೆಯಲ್ಲಿ ಮಾತಿಗಿರುವುದು ಇಬ್ಬರೋ ಮೂವರೋ. ಅಲ್ಲಿ ನಿರ್ದೇಶಕ ಇನ್ನೊಬ್ಬ ಓದುಗನಾಗಿ ಬಂದು ಕೂರುತ್ತಾನೆ ಎಂಬುದು ಲಾಭ. ಅವನ ದನಿಯೇ ಎಲ್ಲರಿಗಿಂತ ಜೋರು ಎಂಬುದು ನಷ್ಟ. ‘ನಾಗರಹಾವು’ (1972) ಇದಕ್ಕೆ ಒಳ್ಳೆಯ ನಿದರ್ಶನ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಚಿತ್ರಕ್ಕೆ ಇಳಿಸಿದರು. ಚಿತ್ರ ಗೆದ್ದಿತು, ರಾಮಾಚಾರಿ ಎಂದರೆ ವಿಷ್ಣುವರ್ಧನ್ ಎಂದಾಯಿತು. ಕಾದಂಬರಿಯ ರಾಮಾಚಾರಿಯನ್ನು ಇವತ್ತು ಹುಡುಕಿಕೊಂಡು ಹೋಗುವವರು ಎಷ್ಟು ಮಂದಿ?

ವಸ್ತುವಿನ ಮಾತೂ ಬರುತ್ತದೆ. ಗರ್ಭಪಾತ, ಬಹಿಷ್ಕಾರ, ಜಾತಿಕ್ರೌರ್ಯ ತೆರೆಯ ಮೇಲೆ ಎದುರಾಗುವ ತೀವ್ರತೆಯೇ ಬೇರೆ. ಅದಕ್ಕೇ ಬೇಡ ಎನ್ನುವವರಿದ್ದಾರೆ, ಪಕ್ಕದಲ್ಲಿ ದೊಡ್ಡವರು ಕೂತು ನೋಡುವ ಅವಕಾಶ ಮನೆಗೇ ಇರುವುದರಿಂದ ಅಲ್ಲೇ ತೋರಿಸಬೇಕು ಎನ್ನುವವರೂ ಇದ್ದಾರೆ. ಮಗುವಿನ ಮನಸ್ಸು ಬಲ್ಲ ತಂದೆತಾಯಿಗೇ ಇದರ ತೀರ್ಮಾನ ಬಿಡುವುದು ಲೇಸು.

ಎರಡೂ ಪಕ್ಷಗಳನ್ನು ತೂಗಿ ನೋಡಿದರೆ, ಅವು ಬೇರೆ ಬೇರೆ ಕೌಶಲಗಳ ಬಗ್ಗೆ ಮಾತಾಡುತ್ತಿವೆ ಅನಿಸುತ್ತದೆ. ಪ್ರಶ್ನೆ ಕೇಳುವುದನ್ನು ಸಿನಿಮಾ ಬೇಗ ಕಲಿಸುತ್ತದೆ. ಉತ್ತರವನ್ನು ವಾಕ್ಯದಲ್ಲಿ, ಪದದ ಆಯ್ಕೆಯಲ್ಲಿ ಹುಡುಕುವುದನ್ನು ಪುಸ್ತಕವೇ ಕಲಿಸಬೇಕು. ಹಾಗಾಗಿ ಬೇಕೇ ಬೇಡವೇ ಎನ್ನುವುದಕ್ಕಿಂತ ಯಾವುದು ಮೊದಲು ಎಂಬುದೇ ಮುಖ್ಯ. ವಿಮರ್ಶೆಯ ಪ್ರಶ್ನೆಗಳನ್ನು ಪರಿಚಯಿಸಲು ಯಾವುದಾದರೂ ಚಿತ್ರದಿಂದ ಶುರು ಮಾಡಲು ಅಡ್ಡಿಯಿಲ್ಲ. ಆದರೆ ಮುಂದೆ ಓದಿಸಬೇಕೆಂದಿರುವ ಕೃತಿಯ ಚಿತ್ರವನ್ನು ಮೊದಲೇ ತೋರಿಸಬಾರದು. ಇಡೀ ಕಾದಂಬರಿ ಭಾರವೆನಿಸಿದರೆ ‘ಘಟಶ್ರಾದ್ಧ’, ‘ತಬರನ ಕಥೆ’ಯಂಥ ಸಣ್ಣ ಕಥೆಗಳಿವೆ, ದೊಡ್ಡವರು ಗಟ್ಟಿಯಾಗಿ ಓದಿ ಕೇಳಿಸಿದರೂ ನಡೆದೀತು. ಚೋಮನ ಕೊನೆಯ ಪುಟಗಳನ್ನು ಓದಿ, ತನ್ನ ಕಿವಿಗೆ ಕೇಳಿದ ದುಡಿ ಎಂಥದ್ದೆಂದು ನಾಲ್ಕು ಸಾಲು ಬರೆದ ಮೇಲೆ ಚಿತ್ರ ನೋಡಲಿ. ಆಮೇಲೆ ನಿರ್ದೇಶಕರ ಜೊತೆ ಜಗಳಕ್ಕಿಳಿದರೆ, ‘ಹಾಗಲ್ಲ, ಹೀಗೆ’ ಎನ್ನಲು ಪುಸ್ತಕದ ಯಾವ ಸಾಲು ಆಧಾರ ಎಂದು ಕೇಳಬೇಕು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರೆ ಸಿನಿಮಾ ಪಾಠಕ್ಕೆ ನೆರವಾಗಿದೆ ಎಂದರ್ಥ. ತೋರಿಸಲಾಗದಿದ್ದರೆ ಮತ್ತೆ ಪುಸ್ತಕ ತೆರೆಯಬೇಕು.