ಹುಲಿ ಇದೆ, ಸವಾರ ಎಲ್ಲಿ?

ಸಂಶೋಧನೆಗಾಗಿ ಒಂದು ಡಿಜಿಟಲ್ ಸಂಗ್ರಹವನ್ನು ತಡಕಾಡುತ್ತಿದ್ದಾಗ ಹಳೆಯ ಕಪ್ಪುಬಿಳುಪು ಫೋಟೋ ಸಿಕ್ಕಿತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಕಂಚಿನ ಹುಲಿ. ಬೆನ್ನಿನ ನಡುವೆ ಸಣ್ಣದೊಂದು ತೂತು. ಪಕ್ಕದಲ್ಲಿ ಅಳತೆಪಟ್ಟಿ. ಕೆಳಗಿನ ವಿವರ: ‘ಪ್ರಾಣಿ ಶಿಲ್ಪ, ಕಂಚು, ದಕ್ಷಿಣ ಭಾರತ’. ಅಷ್ಟೇ.

ನಾನು ಕೊಳ್ಳೇಗಾಲದ ಕಡೆಯವನು. ಹುಲಿಯನ್ನು ಬರೀ ‘ಪ್ರಾಣಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಆಗದ ಮಾತು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಅದು ಮಾದಪ್ಪನ ವಾಹನ. ಹರಕೆ ಹೊತ್ತವರು ಇವತ್ತಿಗೂ ಹುಲಿವಾಹನದ ಸೇವೆ ಮಾಡಿಸುತ್ತಾರೆ. ಯಳಂದೂರಿನ ಬಿಳಿಗಿರಿಯ ಸೋಲಿಗರಿಗೆ ಅದು ಹುಲಿವೀರಪ್ಪ, ಸ್ವತಃ ದೇವರು. ಫೋಟೋದ ಹುಲಿ ಮಾದಪ್ಪನದೇ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಆ ತೂತು ನೋಡಿದರೆ ಮೇಲೆ ಸವಾರನೊಬ್ಬ ಇದ್ದಿರಬೇಕು ಎನಿಸುತ್ತದೆ. ಅದನ್ನಾದರೂ ಬರೆಯಬಹುದಿತ್ತಲ್ಲ?

‘ಖಚಿತ ಮಾಹಿತಿ ಇಲ್ಲದಾಗ ಏನು ಬರೆಯುವುದು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಿದ್ದರೆ ‘ಊರು ತಿಳಿದಿಲ್ಲ, ಸವಾರ ಕಾಣೆ’ ಎಂದೇ ಬರೆಯಿರಿ. ‘ದಕ್ಷಿಣ ಭಾರತ’ ಎನ್ನುವುದು ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸುವ ಜಾಣತನ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಪಕ್ಕದ ಯಳಂದೂರು ಮೈಸೂರಿನಲ್ಲಿತ್ತು. ಒಂದೇ ಸೀಮೆಯ ಕಡತಗಳು ಎರಡು ಸರ್ಕಾರಗಳಲ್ಲಿ ಹಂಚಿಹೋದವು. ಇಂಥ ಕಡೆ ಊರಿನ ಹೆಸರೂ ಬಿಟ್ಟುಹೋದರೆ ಹುಡುಕುವ ದಾರಿಯೇ ಮುಚ್ಚಿದಂತೆ.

ಕಾಗದ ಇಲ್ಲ ಎಂದ ಮಾತ್ರಕ್ಕೆ ಸಾಕ್ಷಿ ಇಲ್ಲ ಎಂದಲ್ಲ. ದೇವರ ಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಕಂಸಾಳೆ ಎಂಬ ಹೆಸರಲ್ಲೇ ಕಂಚಿದೆ. ಪಿ.ಕೆ. ರಾಜಶೇಖರ ಅವರು ಆ ಕಾವ್ಯವನ್ನು ಸಂಪಾದಿಸಿ 1973ರಲ್ಲೇ ಅಚ್ಚಿಗೆ ತಂದರು. ಅರ್ಧ ಶತಮಾನದಿಂದ ಪುಸ್ತಕ ಕೈಗೆ ಸಿಗುತ್ತಿದೆ, ಹಾಡುವವರೂ ಇದ್ದಾರೆ. ಆದರೂ ನಮ್ಮ ಸಂಗ್ರಹಗಳಿಗೆ ಲೋಹದ ಹೆಸರು ಗೊತ್ತು, ದೇವರ ಹೆಸರು ಗೊತ್ತಿಲ್ಲ.

ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸಿದರೆ ಕೆಲಸ ಮುಗಿಯಿತೆಂಬ ಭ್ರಮೆ ಬಿಡೋಣ. ಫೋಟೋದ ಒಂದು ಪ್ರತಿ ಹಿಡಿದು ಗುಡ್ಡರ ಮನೆಗೆ, ಸೋಲಿಗರ ಪೋಡಿಗೆ ಹೋಗಿ ಕೇಳಿ. ‘ಇದು ನಮ್ಮದಲ್ಲ’ ಎಂದರೆ ಅದನ್ನೂ ದಾಖಲಿಸಿ. ಕೇಳದೆ ಬರೆದ ವಿವರಕ್ಕಿಂತ ಅದು ದೊಡ್ಡ ಮಾಹಿತಿ. ಸವಾರ ಕಳೆದುಹೋದದ್ದು ಎಂದೋ ಏನೋ. ಅವನಿದ್ದ ಎಂಬುದನ್ನೇ ಅಳಿಸುತ್ತಿರುವುದು ಮಾತ್ರ ಇವತ್ತು, ನಮ್ಮ ಕೈಯಿಂದ.