ವಾರಂಟಿಯೂ ಒಂದು ಸಾಲಪತ್ರವೇ: ಹ್ಯುಂಡೈ ಕಾರಿನ ಚರಿತ್ರೆ ಕಲಿಸುವ ಲೆಕ್ಕ

ಗಿರಾಕಿಯನ್ನು ಮೊದಲ ಬಾರಿ ಅಂಗಡಿಯ ಬಾಗಿಲಿಗೆ ಕರೆತರುವ ಶಕ್ತಿ ಕಡಿಮೆ ಬೆಲೆಗೆ ಉಂಟು. ಅದೇ ಗಿರಾಕಿಯನ್ನು ಎರಡನೆಯ ಬಾರಿ ಕರೆತರುವ ಶಕ್ತಿ ಅದಕ್ಕಿಲ್ಲ. ತಲೆಮಾರುಗಳಿಂದ ವ್ಯಾಪಾರದಲ್ಲಿ ನಿಂತವರಿಗೆ ಇದು ಹೊಸ ಮಾತೇನಲ್ಲ. ಆದರೆ ಈ ಮಾತನ್ನು ಅಂಕಿ-ಅಂಶಗಳ ಸಮೇತ ತೋರಿಸಿಕೊಡುವ ಉದಾಹರಣೆಗಳು ವಿರಳ. ದಕ್ಷಿಣ ಕೊರಿಯಾದ ಹ್ಯುಂಡೈ ಮೋಟಾರ್ ಕಂಪನಿಯ ಚರಿತ್ರೆ ಅಂತಹ ಒಂದು ಉದಾಹರಣೆ. ಅಗ್ಗದ ಬೆಲೆಯಿಂದ ಗಳಿಸಿದ ಹೆಸರು, ಕಳಪೆ ಗುಣಮಟ್ಟದಿಂದ ಕಳೆದುಕೊಂಡ ಹೆಸರು, ವಾರಂಟಿಯ ಬಲದಿಂದ ಮರಳಿ ಪಡೆದ ಹೆಸರು, ಈ ಮೂರೂ ಅದರಲ್ಲಿವೆ. ಸಣ್ಣ ಕೈಗಾರಿಕೆ ನಡೆಸುವವರು ಇದನ್ನು ಕಾರಿನ ಕಥೆಯೆಂದು ಓದದೆ ಲೆಕ್ಕಪತ್ರದ ಕಥೆಯೆಂದು ಓದುವುದು ಲಾಭಕರ.

ಗ್ಯಾರೇಜಿನಿಂದ ಕಾರ್ಖಾನೆಗೆ

ಹ್ಯುಂಡೈ ಸಮೂಹದ ಸ್ಥಾಪಕ ಚುಂಗ್ ಜು-ಯುಂಗ್ ಬಡ ರೈತ ಕುಟುಂಬದಿಂದ ಬಂದವರು. 1940ರಲ್ಲಿ ಸಿಯೋಲ್ ನಗರದಲ್ಲಿ ವಾಹನ ದುರಸ್ತಿಯ ಗ್ಯಾರೇಜಿನಿಂದ ಆರಂಭಿಸಿ, 1947ರಲ್ಲಿ ಕಟ್ಟಡ ನಿರ್ಮಾಣ ಸಂಸ್ಥೆಯನ್ನೂ 1967ರಲ್ಲಿ ಮೋಟಾರ್ ಕಂಪನಿಯನ್ನೂ ಸ್ಥಾಪಿಸಿದರು. ಮರುವರ್ಷ ಉಲ್ಸಾನ್ ಕಾರ್ಖಾನೆಯಲ್ಲಿ ಫೋರ್ಡ್ ಕಂಪನಿಯ ಕಾರ್ಟಿನಾ ಕಾರನ್ನು ಜೋಡಿಸುವ ಕೆಲಸ ಆರಂಭವಾಯಿತು. ವಿನ್ಯಾಸವೂ ತಂತ್ರಜ್ಞಾನವೂ ಪರರದ್ದು. ಹ್ಯುಂಡೈಯದು ಕೇವಲ ಕೂಲಿ ಮತ್ತು ಮಾರಾಟ.

ಈ ಸ್ಥಿತಿಯಿಂದ ಹೊರಬರಲು ಕಂಪನಿ ತನ್ನಲ್ಲಿಲ್ಲದ ವಿದ್ಯೆಯನ್ನು ಹಣ ಕೊಟ್ಟು ತರಿಸಿತು. ಬ್ರಿಟಿಷ್ ಲೇಲ್ಯಾಂಡ್‌ನ ಹಿರಿಯ ಅಧಿಕಾರಿಯಾಗಿದ್ದ ಜಾರ್ಜ್ ಟರ್ನ್‌ಬುಲ್ ಅವರನ್ನು ನೇಮಿಸಿಕೊಂಡಿತು. ವಿನ್ಯಾಸವನ್ನು ಇಟಲಿಯ ಜಾರ್ಜೆಟ್ಟೊ ಜುಜಾರೊ ಮಾಡಿಕೊಟ್ಟರು. ಇಂಜಿನ್ ಜಪಾನಿನ ಮಿತ್ಸುಬಿಷಿಯದು. ಹೀಗೆ ಹುಟ್ಟಿದ 'ಪೋನಿ' ಕಾರು 1974ರಲ್ಲಿ ಇಟಲಿಯ ಟ್ಯೂರಿನ್ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1976ರಲ್ಲಿ ಈಕ್ವೆಡಾರ್ ದೇಶಕ್ಕೆ ರಫ್ತಾಯಿತು. ಸ್ವಂತ ವಿನ್ಯಾಸದ ಮೊದಲ ಇಂಜಿನ್ ತಯಾರಾಗಲು 1991ರವರೆಗೆ ಕಾಯಬೇಕಾಯಿತು. ಕಲಿಕೆಗೆ ತೆತ್ತ ಹಣವನ್ನು ಖರ್ಚೆಂದು ಬಗೆಯದೆ ಬಂಡವಾಳವೆಂದು ಬಗೆದುದು ಈ ಹಂತದ ವಿಶೇಷ.

4,995 ಡಾಲರಿನ ಕಾರು

1986ರಲ್ಲಿ ಹ್ಯುಂಡೈ 'ಎಕ್ಸೆಲ್' ಎಂಬ ಸಣ್ಣ ಕಾರಿನೊಂದಿಗೆ ಅಮೆರಿಕದ ಮಾರುಕಟ್ಟೆ ಪ್ರವೇಶಿಸಿತು. ಆರಂಭಿಕ ಬೆಲೆ 4,995 ಡಾಲರು. ಹಳೆಯ ಕಾರು ಕೊಳ್ಳುವ ಹಣದಲ್ಲಿ ಹೊಸ ಕಾರು ದೊರೆಯುತ್ತದೆಂದು ಜನ ಮುಗಿಬಿದ್ದರು. ಮೊದಲ ವರ್ಷವೇ 1,68,882 ಕಾರುಗಳು ಮಾರಾಟವಾದವು. 1987ರಲ್ಲಿ ಈ ಸಂಖ್ಯೆ 2.63 ಲಕ್ಷ ದಾಟಿತು.

ಸಂಭ್ರಮ ಬಹುಕಾಲ ಉಳಿಯಲಿಲ್ಲ. ಕಾರುಗಳು ಬೇಗನೆ ಸವೆದವು, ದುರಸ್ತಿಯ ಖರ್ಚು ಹೆಚ್ಚಿತು, ಮರುಮಾರಾಟದ ಬೆಲೆ ಕುಸಿಯಿತು. ಮೊದಲು ಉಳಿಸಿದ ಹಣವನ್ನು ಗ್ರಾಹಕ ನಂತರದ ವರ್ಷಗಳಲ್ಲಿ ಮೆಕ್ಯಾನಿಕ್ಕಿಗೆ ತೆರಬೇಕಾಯಿತು. ಹ್ಯುಂಡೈ ಎಂಬ ಹೆಸರು ಅಮೆರಿಕದ ದೂರದರ್ಶನ ಕಾರ್ಯಕ್ರಮಗಳಲ್ಲಿ ನಗೆಚಟಾಕಿಯ ವಸ್ತುವಾಯಿತು. 1998ರ ವೇಳೆಗೆ ವಾರ್ಷಿಕ ಮಾರಾಟ ಸುಮಾರು 90 ಸಾವಿರಕ್ಕೆ ಇಳಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಪೂರ್ಣವಾಗಿ ಅನ್ವಯಿಸುತ್ತದೆ. ವ್ಯತ್ಯಾಸವೊಂದೇ: ದೊಣ್ಣೆ ಹಿಡಿದವನು ಹೊರಗಿನವನಲ್ಲ, ಮಡಕೆ ಮಾಡಿದವನೇ.

ಹತ್ತು ವರ್ಷದ ಮಾತು

1997ರ ಏಷ್ಯಾ ಆರ್ಥಿಕ ಬಿಕ್ಕಟ್ಟಿನಲ್ಲಿ ಕೊರಿಯಾ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಚಾಚಬೇಕಾಯಿತು. ಬೈಸಿಕಲ್ ಬಿಡಿಭಾಗಗಳ ತಯಾರಿಕೆಯಿಂದ 1944ರಲ್ಲಿ ಆರಂಭವಾಗಿದ್ದ ಕಿಯಾ ಕಂಪನಿ ದಿವಾಳಿಯಾಗಿ 1998ರಲ್ಲಿ ಹ್ಯುಂಡೈ ವಶವಾಯಿತು. ಇಂತಹ ಕಷ್ಟಕಾಲದಲ್ಲಿಯೇ ಹ್ಯುಂಡೈ ಅಮೆರಿಕದಲ್ಲಿ ಇಂಜಿನ್ ಮತ್ತು ಗೇರ್ ವ್ಯವಸ್ಥೆಗೆ 10 ವರ್ಷ ಅಥವಾ ಒಂದು ಲಕ್ಷ ಮೈಲಿಗಳ ವಾರಂಟಿ ಘೋಷಿಸಿತು. ಮೊದಲ ಮಾಲೀಕನಿಗೆ ಮಾತ್ರ ಪೂರ್ಣ ಸೌಲಭ್ಯ ಎಂಬ ಷರತ್ತಿದ್ದರೂ, ಅಷ್ಟು ದೀರ್ಘಾವಧಿಯ ಭರವಸೆಯನ್ನು ಅಲ್ಲಿನ ಪ್ರಮುಖ ತಯಾರಕರು ಆಗ ಕೊಡುತ್ತಿರಲಿಲ್ಲ.

ಇದನ್ನು ಬರಿಯ ಜಾಹೀರಾತೆಂದು ತಿಳಿದವರು ಅನೇಕರು. ವಾಸ್ತವದಲ್ಲಿ ಅದು ಕಂಪನಿ ತನ್ನ ಮೇಲೆ ತಾನೇ ಹೇರಿಕೊಂಡ ಹೊಣೆ. ಕಾರು ಕೆಟ್ಟರೆ ಅದುವರೆಗೆ ನಷ್ಟ ಗ್ರಾಹಕನದಾಗಿತ್ತು. ಈಗ ಅದು ತಯಾರಕನ ಜೇಬಿಗೆ ವರ್ಗವಾಯಿತು. ದೋಷಪೂರಿತ ಭಾಗವೊಂದನ್ನು ಕಾರ್ಖಾನೆಯಲ್ಲಿಯೇ ತಡೆಯುವುದು ಹತ್ತು ವರ್ಷಗಳ ಕಾಲ ದುರಸ್ತಿ ಮಾಡಿಕೊಡುವುದಕ್ಕಿಂತ ಅಗ್ಗವಾಯಿತು. ಆಗ ಅಧ್ಯಕ್ಷ ಸ್ಥಾನಕ್ಕೆ ಬಂದ ಸ್ಥಾಪಕರ ಪುತ್ರ ಚುಂಗ್ ಮೊಂಗ್-ಕೂ ಸಮೂಹದ ಮಾರಾಟೋತ್ತರ ಸೇವೆಯ ಕಂಪನಿಯನ್ನು ಬಹುಕಾಲ ನಡೆಸಿದವರು. ಕೆಟ್ಟು ಮರಳಿದ ಕಾರುಗಳ ಕಷ್ಟವನ್ನು ಹತ್ತಿರದಿಂದ ಕಂಡವರು. ಗುಣಮಟ್ಟವೇ ಅವರ ಆಡಳಿತದ ಮೊದಲ ಸೂತ್ರವಾಯಿತು. ಫಲಿತಾಂಶ ಅಂಕಿಗಳಲ್ಲಿದೆ. 2001ರಲ್ಲಿ ಅಮೆರಿಕದ ಮಾರಾಟ 3.4 ಲಕ್ಷ ದಾಟಿತು. 2004ರ ಜೆ.ಡಿ. ಪವರ್ ಆರಂಭಿಕ ಗುಣಮಟ್ಟ ಸಮೀಕ್ಷೆಯಲ್ಲಿ ಹ್ಯುಂಡೈ, ಟೊಯೊಟಾದ ನಂತರ, ಹೊಂಡಾದೊಂದಿಗೆ ಎರಡನೆಯ ಸ್ಥಾನ ಹಂಚಿಕೊಂಡಿತು. 2022ರಲ್ಲಿ ಕಿಯಾವನ್ನೂ ಸೇರಿಸಿ ಹ್ಯುಂಡೈ ಸಮೂಹ ಮಾರಾಟದಲ್ಲಿ ವಿಶ್ವದ ಮೂರನೆಯ ಸ್ಥಾನಕ್ಕೇರಿತು.

ಭಾರತದ ಮಾಲೀಕರ ಅನುಭವ

ಭಾರತದಲ್ಲಿ ಹ್ಯುಂಡೈ 1996ರಲ್ಲಿ ಕಂಪನಿ ಸ್ಥಾಪಿಸಿ, ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಕಾರ್ಖಾನೆಯಿಂದ 1998ರಲ್ಲಿ 'ಸ್ಯಾಂಟ್ರೊ' ಬಿಡುಗಡೆ ಮಾಡಿತು. ಅದರ ಎತ್ತರದ ಆಕಾರ ಮೊದಲು ಹಾಸ್ಯಕ್ಕೀಡಾದರೂ, ವಯಸ್ಸಾದವರು ಮತ್ತು ಸೀರೆಯುಟ್ಟ ಮಹಿಳೆಯರು ಸಲೀಸಾಗಿ ಹತ್ತಿ ಇಳಿಯಬಹುದೆಂಬ ಕಾರಣಕ್ಕೆ ಅದೇ ಆಕಾರ ಮೆಚ್ಚುಗೆ ಗಳಿಸಿತು. ಕಾರ್ಬ್ಯುರೇಟರ್ ಕಾರುಗಳು ಇನ್ನೂ ಚಾಲ್ತಿಯಲ್ಲಿದ್ದ ಕಾಲದಲ್ಲಿ ಅದು ಮಲ್ಟಿಪಾಯಿಂಟ್ ಫ್ಯೂಯಲ್ ಇಂಜೆಕ್ಷನ್ ಇಂಜಿನ್ ಹೊತ್ತು ತಂದಿತು. ಕಿಯಾ 2019ರಲ್ಲಿ ಕರ್ನಾಟಕದ ಗಡಿಗೆ ಸಮೀಪದ ಪೆನುಕೊಂಡದಲ್ಲಿ ಉತ್ಪಾದನೆ ಆರಂಭಿಸಿ 'ಸೆಲ್ಟೋಸ್' ಮಾರಾಟಕ್ಕೆ ಬಿಟ್ಟಿತು.

ಈ ಕಾರುಗಳ ಮಾಲೀಕರ ಮಾತುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶಂಸೆ ಒಂದೇ ಬಗೆಯದು: ಕ್ಲಚ್ ಮತ್ತು ಗೇರ್ ಹಗುರ, ಬೇಸಿಗೆಯಲ್ಲಿಯೂ ಎ.ಸಿ. ಚುರುಕು, ಕೊಟ್ಟ ಹಣಕ್ಕೆ ಸೌಕರ್ಯಗಳು ಹೆಚ್ಚು, ಸರ್ವಿಸ್ ಕೇಂದ್ರ ಜಿಲ್ಲಾ ಪಟ್ಟಣಗಳಲ್ಲಿಯೂ ಲಭ್ಯ. ಆಕ್ಷೇಪಗಳೂ ಉಂಟು: ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ತೀರಾ ಹಗುರವೆನಿಸುತ್ತದೆ, ಕಣ್ಣಿಗೆ ಕಾಣುವ ಪರದೆ, ಸನ್‌ರೂಫ್‌ಗಳಿಗೆ ಕೊಟ್ಟ ಗಮನವನ್ನು ಕಣ್ಣಿಗೆ ಕಾಣದ ದೇಹಬಲಕ್ಕೆ ಕೊಟ್ಟಿಲ್ಲ.

ಎರಡನೆಯ ಆಕ್ಷೇಪಕ್ಕೆ ಆಧಾರವಿತ್ತು. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಐದು ಭಾರತೀಯ ಕಾರುಗಳನ್ನು ಅಪಘಾತ ಪರೀಕ್ಷೆಗೆ ಒಳಪಡಿಸಿದಾಗ ಹ್ಯುಂಡೈ ಐ10 ಸೇರಿದಂತೆ ಐದೂ ವಯಸ್ಕರ ರಕ್ಷಣೆಯಲ್ಲಿ ಶೂನ್ಯ ತಾರೆ ಪಡೆದವು. 2023ರಲ್ಲಿ 'ವರ್ನಾ' ಐದು ತಾರೆ ಗಳಿಸಿದುದೂ, ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ನೀಡುವ ಘೋಷಣೆ ಅದೇ ವರ್ಷ ಹೊರಬಿದ್ದುದೂ ಸ್ವಾಗತಾರ್ಹ. ಈ ನಡುವಣ ಒಂಬತ್ತು ವರ್ಷಗಳಲ್ಲಿ ಗ್ರಾಹಕನ ತಿಳುವಳಿಕೆ ಬೆಳೆದಿತ್ತೆಂಬುದನ್ನು ಮರೆಯಲಾಗದು.

ಮರುಕಳಿಸಿದ ಚಾಳಿ

ಹ್ಯುಂಡೈ ಪಾಠ ಕಲಿತು ಸುಖವಾಗಿತ್ತು ಎಂದು ಮುಗಿಸಿದರೆ ಕಥೆ ಅರ್ಧಸತ್ಯವಾದೀತು. ಇಂಧನ ಕ್ಷಮತೆಯನ್ನು ಹೆಚ್ಚಿಸಿ ತೋರಿಸಿದ್ದ ಪ್ರಕರಣದಲ್ಲಿ ಹ್ಯುಂಡೈ ಮತ್ತು ಕಿಯಾ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 10 ಕೋಟಿ ಡಾಲರು ದಂಡ ತೆರಲು ಒಪ್ಪಿದವು. 2015ರಿಂದ 'ಥೀಟಾ' ಇಂಜಿನ್ನುಗಳ ದೋಷಕ್ಕಾಗಿ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಇದರ ವೆಚ್ಚಕ್ಕಾಗಿ ಹ್ಯುಂಡೈ 2020ರ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಸುಮಾರು 2.1 ಲಕ್ಷ ಕೋಟಿ ವೊನ್ ತೆಗೆದಿರಿಸಿ, ಆ ಅವಧಿಗೆ ನಷ್ಟ ತೋರಿಸಿತು.

ಇನ್ನೊಂದು ಪ್ರಸಂಗ ಸಣ್ಣ ತಯಾರಕರಿಗೆ ಇನ್ನೂ ಬೋಧಪ್ರದ. ಕಳ್ಳರು ನಕಲಿ ಉಪಾಯದಿಂದ ಇಂಜಿನ್ ಚಾಲೂ ಮಾಡದಂತೆ ತಡೆಯುವ 'ಇಮ್ಮೊಬಿಲೈಜರ್' ಎಂಬ ಸಾಧನವುಂಟು. ಅಮೆರಿಕದಲ್ಲಿ 2015ರ ಮಾದರಿಯ ಇತರ ತಯಾರಕರ ಕಾರುಗಳಲ್ಲಿ ಶೇ. 96ರಷ್ಟಕ್ಕೆ ಅದಿತ್ತು, ಹ್ಯುಂಡೈ ಮತ್ತು ಕಿಯಾಗಳಲ್ಲಿ ಇದ್ದುದು ಶೇ. 26ಕ್ಕೆ ಮಾತ್ರ. ಕೆನಡಾದಲ್ಲಿ 2007ರಿಂದ ಕಾಯಿದೆಯೇ ಅದನ್ನು ಕಡ್ಡಾಯ ಮಾಡಿದ್ದುದರಿಂದ ಅಲ್ಲಿಯ ಕಾರುಗಳಿಗೆ ಅಳವಡಿಸಲಾಗಿತ್ತು. ಕಾಯಿದೆ ಕೇಳದ ಕಡೆ ಬಿಟ್ಟ ಈ ಸಣ್ಣ ಭಾಗ 2021ರ ನಂತರ ಕಾರು ಕಳ್ಳತನದ ಅಲೆಗೆ ದಾರಿಯಾಯಿತು. 2023ರಲ್ಲಿ ಸುಮಾರು 20 ಕೋಟಿ ಡಾಲರಿನ ರಾಜಿ ಒಪ್ಪಂದಕ್ಕೆ ಕೊಂಡೊಯ್ದಿತು. ಗ್ರಾಹಕನ ಕಣ್ಣಿಗೆ ಬೀಳದ ಜಾಗದಲ್ಲಿ ಮಾಡಿದ ಉಳಿತಾಯ ಉಳಿತಾಯವಲ್ಲ, ಬಡ್ಡಿಯ ದರ ತಿಳಿಯದೆ ಎತ್ತಿದ ಸಾಲ.

ಸಣ್ಣ ಉದ್ಯಮಿಯ ಲೆಕ್ಕ

ಹತ್ತು ವರ್ಷದ ವಾರಂಟಿ ದೊಡ್ಡವರ ಆಟ, ಸಣ್ಣವರಿಗೆ ನಿಲುಕದು ಎಂಬ ವಾದ ಸಹಜ. ಆದರೆ ಇಲ್ಲಿ ಮುಖ್ಯವಾದುದು ಅವಧಿಯಲ್ಲ, ಕೊಟ್ಟ ಮಾತಿನ ವೆಚ್ಚವನ್ನು ಮೊದಲೇ ಅಳೆಯುವ ಶಿಸ್ತು. ಒಂದು ಕಾಲ್ಪನಿಕ ಉದಾಹರಣೆ ಗಮನಿಸಬಹುದು. ಒಬ್ಬ ತಯಾರಕ ವರ್ಷಕ್ಕೆ 1,000 ಪಂಪುಗಳನ್ನು ಮಾರುತ್ತಾನೆ. ಅವುಗಳಲ್ಲಿ 20 ವಾರಂಟಿ ಅವಧಿಯಲ್ಲಿ ಮರಳುತ್ತವೆ. ಒಂದೊಂದರ ದುರಸ್ತಿಗೆ ರೂ. 1,500ರಂತೆ ಒಟ್ಟು ವೆಚ್ಚ ರೂ. 30,000. ಪಂಪಿಗೆ ರೂ. 20 ಅಗ್ಗದ ಬೇರಿಂಗ್ ಹಾಕಿ ಅವನು ರೂ. 20,000 ಉಳಿಸಿದನೆನ್ನಿ. ಮರಳುವ ಪಂಪುಗಳು 50ಕ್ಕೆ ಏರಿದರೆ ದುರಸ್ತಿ ವೆಚ್ಚ ರೂ. 75,000. ಖರೀದಿ ಖಾತೆಯಲ್ಲಿ ರೂ. 20,000 ಉಳಿತಾಯ ಎದ್ದು ಕಾಣುತ್ತದೆ; ದುರಸ್ತಿ ಖಾತೆಯಲ್ಲಿ ರೂ. 45,000 ಹೆಚ್ಚುವರಿ ವೆಚ್ಚ ಮುಂದಿನ ವರ್ಷದ ಪುಟಗಳಲ್ಲಿ ಚದುರಿಹೋಗುತ್ತದೆ. ಕಳೆದುಹೋದ ಗಿರಾಕಿಗಳ ಲೆಕ್ಕ ಯಾವ ಖಾತೆಯಲ್ಲಿಯೂ ಇರುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೊದಲನೆಯದು, ಮರಳಿ ಬಂದ ಸರಕಿಗೆ ಪ್ರತ್ಯೇಕ ರಿಜಿಸ್ಟರ್: ಮಾದರಿ, ಬ್ಯಾಚ್, ಮಾರಿದ ದಿನಾಂಕ, ದೋಷ, ತಗುಲಿದ ವೆಚ್ಚ. ಎರಡನೆಯದು, ಆ ಅನುಭವದ ಆಧಾರದ ಮೇಲೆ ವರ್ಷಾಂತ್ಯಕ್ಕೆ ವಾರಂಟಿ ವೆಚ್ಚದ ಮೀಸಲು ತೆಗೆದಿರಿಸುವುದು. 2004ರಿಂದ ಜಾರಿಯಲ್ಲಿರುವ ಲೆಕ್ಕಪತ್ರ ಮಾನಕ 29 ಅಪೇಕ್ಷಿಸುವುದೂ ಇದನ್ನೇ. ಇಂತಹ ಮೀಸಲನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಒಪ್ಪಲಾರರೆಂಬ ಭಯ ಅನೇಕರಲ್ಲಿದೆ. ಹಿಂದಿನ ವರ್ಷಗಳ ಅನುಭವದಿಂದ ವಿಶ್ವಾಸಾರ್ಹವಾಗಿ ಅಂದಾಜಿಸಿದ ವಾರಂಟಿ ಮೀಸಲು ಒಪ್ಪತಕ್ಕ ಖರ್ಚೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ರಿಜಿಸ್ಟರ್ ಇಲ್ಲದವನಿಗೆ ಈ ತೀರ್ಪಿನ ಆಸರೆಯೂ ಇಲ್ಲ.

ವರ್ತಕರಿಗೂ ಒಂದು ಎಚ್ಚರಿಕೆ ಅಗತ್ಯ. ತಯಾರಕನ ವಾರಂಟಿಯನ್ನು ಮೀರಿ ಮಾರಾಟಗಾರ ತಾನೇ ಪ್ರತ್ಯೇಕ ಭರವಸೆ ಕೊಟ್ಟು, ಸರಕು ಅದಕ್ಕೆ ತಕ್ಕಂತೆ ಇಲ್ಲದೆ ಹಾನಿ ಉಂಟುಮಾಡಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಹೊಣೆ ಮಾರಾಟಗಾರನ ಮೇಲೆಯೇ ಬರಬಹುದು. ಗಲ್ಲಾಪೆಟ್ಟಿಗೆಯ ಮುಂದೆ ಉತ್ಸಾಹದಿಂದ 'ಎರಡು ವರ್ಷ ಏನೂ ಆಗುವುದಿಲ್ಲ, ನಾನಿದ್ದೇನೆ' ಎಂದು ಬಿಲ್ಲಿನ ಮೇಲೆ ಬರೆದುಕೊಡುವ ಮೊದಲು, ಅಷ್ಟೇ ಅವಧಿಯ ಭರವಸೆಯನ್ನು ತಯಾರಕನಿಂದ ಲಿಖಿತವಾಗಿ ಪಡೆದಿರುವುದು ಕ್ಷೇಮ.

ಹ್ಯುಂಡೈ 1986ರಲ್ಲಿ ಬೆಲೆ ಇಳಿಸಿ ಗಿರಾಕಿಯನ್ನು ಗೆದ್ದು ಸೋತಿತು. 1998ರಲ್ಲಿ ಹೊಣೆ ಹೊತ್ತು ಸೋತಲ್ಲಿಯೇ ಗೆದ್ದಿತು. ಕಾಣದ ಜಾಗದಲ್ಲಿ ಹೊಣೆ ಮರೆತಾಗಲೆಲ್ಲ ಮತ್ತೆ ದಂಡ ತೆತ್ತಿತು. ಆ ದಂಡವನ್ನು ತಾಳಿಕೊಳ್ಳುವ ಬಂಡವಾಳ ಅದಕ್ಕಿತ್ತು. ಒಂದು ಷೆಡ್ಡು, ನಾಲ್ಕು ಲೇತು, ಬ್ಯಾಂಕಿನ ಸಿ.ಸಿ. ಖಾತೆ ನಂಬಿದ ಉದ್ಯಮಕ್ಕೆ ಅಂತಹ ಎರಡನೆಯ ಅವಕಾಶ ಸಿಗುವುದು ಅಪರೂಪ. ಆದ್ದರಿಂದ ಸರಕಿನೊಂದಿಗೆ ಕೊಡುವ ವಾರಂಟಿ ಚೀಟಿಯನ್ನು ಸಾಲಪತ್ರಕ್ಕೆ ಸಹಿ ಹಾಕುವಷ್ಟೇ ಎಚ್ಚರದಿಂದ ಬರೆಯಬೇಕು, ಬರೆದ ಮೇಲೆ ಅಷ್ಟೇ ನಿಷ್ಠೆಯಿಂದ ತೀರಿಸಬೇಕು.